ಚಳಿಯಲ್ಲಿ ಬಳ್ಳಿ ಕದಲಿಸಬಾರದು

ನಮ್ಮವರು ಕಟಿಂಗ್ ಅಂಗಡಿ ಇಟ್ಟಿದ್ದರು. ಕತ್ತರಿ ಆಡುವಾಗ ಬಾಯಿಯೂ ಆಡಬೇಕು, ಆಗಲೇ ಅವನು ಕಟಿಂಗ್ ಅಂಗಡಿಯವನು ಅಂತ ಜನರ ಲೆಕ್ಕ. ಇವರು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಬೀದಿಯವರು ಮೌನಿ ಅಂತ ಹೆಸರಿಟ್ಟರು. ಮನೆಯಲ್ಲಿ ಹೆಂಡತಿ ತಲೆ ತಿನ್ನುತ್ತಾಳೆ ಅನ್ನುವ ಗಂಡಸರೆಲ್ಲ ತಲೆ ತಗೊಂಡು ಇವರ ಹತ್ತಿರ ಬರುತ್ತಿದ್ದರು. ಕಣ್ಣು ಮುಚ್ಚಿ ಕೂರುತ್ತಿದ್ದರು. ಕೆಲವರಿಗೆ ಕತ್ತರಿಸುವಷ್ಟು ಕೂದಲೇ ಇರಲಿಲ್ಲ, ಆದರೂ ಬರುತ್ತಿದ್ದರು.

ಇವರು ಬಾಯಿ ಬಿಡುತ್ತಿದ್ದದ್ದು ಒಂದೇ ವಿಷಯಕ್ಕೆ. ಬಳ್ಳಿ.

ಅಂಗಡಿಯ ಒಳಗೆ, ತಲೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ಒಂದು ಕುಂಡ ಇತ್ತು. ಈಗಲೂ ಇದೆ. ಅದರಲ್ಲಿ ವರ್ಷವಿಡೀ ಹಸಿರಾಗಿರುವ ಒಂದು ಬಳ್ಳಿ. ಹೆಸರು ಇವರಿಗೂ ಗೊತ್ತಿರಲಿಲ್ಲ. ಯಾರೋ ಗಿರಾಕಿ ಒಂದು ತುಂಡು ಮರೆತು ಬಿಟ್ಟುಹೋಗಿದ್ದ, ಇವರು ಅದನ್ನು ಲೋಟದ ನೀರಿನಲ್ಲಿ ಇಟ್ಟರು. ಅದು ಬೆಳೆದು ಕನ್ನಡಿಯ ಮೇಲೆ ಹತ್ತಿ, ಗಡಿಯಾರ ಸುತ್ತಿ, ಸೂರಿನ ಕೆಳಗೆ ಹರಿದು ಕಿಟಕಿಯ ತನಕ ಹೋಯಿತು. ದಾರಿಯುದ್ದಕ್ಕೂ ಇವರು ಮೊಳೆ ಹೊಡೆದು, ಗಿರಾಕಿಗಳ ಕುತ್ತಿಗೆಗೆ ಕಟ್ಟುವ ಬಟ್ಟೆ ಹಳೆಯದಾದರೆ ಅದನ್ನೇ ಹರಿದು ಪಟ್ಟಿ ಮಾಡಿ ಬಳ್ಳಿ ಕಟ್ಟುತ್ತಿದ್ದರು. ನಮಗೆ ಮಕ್ಕಳಿಲ್ಲ. ಬಳ್ಳಿಯೇ ನಿಮ್ಮ ಮಗು ಅಂತ ಜನ ಹೇಳುತ್ತಿದ್ದರು. ನಾನು ಹೇಳಿದ್ದಿಲ್ಲ.

ಚಳಿಗಾಲ ಬಂತು ಅಂದರೆ ಇವರಿಗೆ ಬಾಣಂತನದ ಹಾಗೆ. ಕಿಟಕಿಯ ಗಾಜು ತಣ್ಣಗಾಗುತ್ತದೆ, ಎಲೆ ತಾಗಿದರೆ ಸುಡುತ್ತದೆ ಅಂತ ಎಲೆಗೂ ಗಾಜಿಗೂ ನಡುವೆ ರಟ್ಟು ತೂರಿಸುತ್ತಿದ್ದರು. ಕುಂಡದ ಮಣ್ಣಿಗೆ ಬೆರಳು ಇಳಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಅದೂ ತಣ್ಣೀರಲ್ಲ, ಶೇವಿಂಗಿಗೆ ಒಲೆಯ ಮೇಲೆ ಕಾಯಿಸಿದ ನೀರನ್ನು ಬೆರೆಸಿ ಉಗುರುಬೆಚ್ಚಗೆ ಮಾಡಿದ್ದು. ಅಂಗಡಿಯಲ್ಲಿ ಹಾರುವ ಪೌಡರ್, ಕೂದಲಿನ ಚೂರು ಎಲೆಯ ಮೇಲೆ ಕೂರುತ್ತದೆ, ಉಸಿರು ಕಟ್ಟುತ್ತದೆ ಅಂತ ಒಂದೊಂದೇ ಎಲೆ ಒರೆಸುವುದು. ಚಳಿ ಮುಗಿಯುವ ತನಕ ಕತ್ತರಿ ಮುಟ್ಟಿಸುವಂತಿಲ್ಲ, ಕುಂಡ ಆಚೀಚೆ ಸರಿಸುವಂತಿಲ್ಲ. 'ಚಳಿಯಲ್ಲಿ ಬಳ್ಳಿ ಕದಲಿಸಬಾರದು' ಅಂತ ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದರು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತವನು ಎದ್ದು ಹೋಗುವುದಾದರೂ ಎಲ್ಲಿಗೆ.

ನನಗೆ ಚಳಿ ಅಂದರೆ 'ಶಾಲು ಹೊದ್ದುಕೊ' ಅನ್ನುತ್ತಿದ್ದರು. ಬಳ್ಳಿಗೆ ಚಳಿ ಆದರೆ ಇವರೇ ಎದ್ದು ಹೋಗಿ ಹೊದಿಸುತ್ತಿದ್ದರು.

ಈ ಸಲ ಚಳಿ ಶುರುವಾಗುವಾಗ ಹೋದರು. ಮಧ್ಯಾಹ್ನ ಊಟಕ್ಕೆ ಕರೆಯಲು ಮಹಡಿಯಿಂದ ಇಳಿದೆ. ಗಿರಾಕಿಗಳ ಕುರ್ಚಿಯಲ್ಲಿ ಕೂತಿದ್ದರು. ಅದರಲ್ಲಿ ಇವರು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೆಲ ಗುಡಿಸಿ ಮುಗಿಸಿದ್ದರು. ಕಸಬರಿಗೆ ಜಾಗಕ್ಕೆ ಇಟ್ಟಿದ್ದರು. ಹೋಗುವಾಗಲೂ ಏನೂ ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಭಾವ ಬಂದರು. ಇವರ ಅಣ್ಣ. ಅಂಗಡಿ, ಮೇಲಿನ ನಮ್ಮ ಮನೆ, ಎರಡೂ ಭಾವನ ಹೆಸರಿನಲ್ಲಿರುವುದು. ಅಂಗಡಿಯಲ್ಲಿ ಆಗ ಡ್ರೈವರ್ ಕೂತಿದ್ದ, ಅಂಚೆಯಣ್ಣ ಕೂತಿದ್ದರು. ಡ್ರೈವರ್ ಬಸ್ಸು ಓಡಿಸುವವನು. ಅಂಚೆಯಣ್ಣ ಕಾಗದ ಹಂಚುತ್ತಿದ್ದವರು, ಈಗ ಮನೆಯಲ್ಲಿದ್ದಾರೆ, ಅಂದರೆ ನಮ್ಮ ಅಂಗಡಿಯಲ್ಲಿದ್ದಾರೆ. ಇಬ್ಬರೂ ಸಮಾಧಾನ ಹೇಳಲು ಬಂದು ಏನೂ ಹೇಳಲು ತೋಚದೆ ಕೂತಿದ್ದರು.

"ನೋಡಮ್ಮ," ಅಂದರು ಭಾವ, "ನಮ್ಮ ಮನೇಲಿ ಹಿಂದಿನ ರೂಮು ಖಾಲಿ ಇದೆ. ನಮ್ಮ ಜೊತೆ ಬಂದುಬಿಡು. ಗಂಡಸರು ಬರೋ ಅಂಗಡಿ, ನೀನೊಬ್ಬಳೇ ಏನು ಮಾಡ್ತೀಯ? ಮೊಬೈಲ್ ರಿಪೇರಿಯವನೊಬ್ಬ ಅಂಗಡಿ, ಮನೆ ಎರಡೂ ಕೇಳ್ತಿದ್ದಾನೆ."

ಹಿಂದಿನ ರೂಮು ನನಗೆ ಗೊತ್ತು. ಇಸ್ತ್ರಿ ಮಾಡುವ ಮೇಜು, ಮುರಿದ ಕುರ್ಚಿ, ಎಲ್ಲರ ಕಂಬಳಿ ಇಡುವ ಬೀರು. ನಾನೂ ಹೋದರೆ ಸಾಮಾನು ಪೂರ್ತಿ ಆಗುತ್ತದೆ. ಭಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ಕಷ್ಟ. ಕೆಟ್ಟ ಮನಸ್ಸಿನವರಾದರೆ ಜಗಳವಾದರೂ ಆಡಬಹುದು.

ನನಗೆ ಹೋಗಲು ಇಷ್ಟವಿರಲಿಲ್ಲ. ಇಷ್ಟವಿಲ್ಲ ಅನ್ನುವುದನ್ನು ಯಾರೂ ಕಾರಣ ಅಂತ ಒಪ್ಪುವುದಿಲ್ಲ. ನಾನು ಮೇಲೆ ನೋಡಿದೆ.

"ಬಳ್ಳಿ?" ಅಂದೆ.

ಮೂರು ಜನವೂ ಮೇಲೆ ನೋಡಿದರು.

"ಚಳಿಯಲ್ಲಿ ಬಳ್ಳಿ ಕದಲಿಸಬಾರದು," ಅಂದ ಡ್ರೈವರ್. "ಮೌನಿ ಹೇಳ್ತಾನೇ ಇದ್ದ."

"ಹೌದೌದು, ಕಿತ್ತರೆ ಸತ್ತೇಹೋಗುತ್ತೆ," ಅಂದರು ಅಂಚೆಯಣ್ಣ. "ಪಾಪ, ಇಷ್ಟು ವರ್ಷದಿಂದ ಇಲ್ಲೇ ಹಬ್ಬಿದೆ. ಎಲ್ಲಿಗೆ ಅಂತ ಹೋಗುತ್ತೆ?"

ಭಾವನ ಕಣ್ಣು ಒದ್ದೆ ಆಯಿತು. "ನಮ್ಮವನು ನನಗೂ ಹೇಳಿದ್ದ," ಅಂದರು. "ಆಯ್ತು. ಚಳಿ ಮುಗೀಲಿ. ಅಲ್ಲೀವರೆಗೆ ಒಲೆ ಆರದ ಹಾಗೆ ನೋಡ್ಕೊ."

ಗಂಡ ಸತ್ತವಳನ್ನು ಯಾವ ಕಾಲದಲ್ಲಿ ಬೇಕಾದರೂ ಕದಲಿಸಬಹುದು. ಬಳ್ಳಿಗೆ ಹಾಗಲ್ಲ.

ಹಾಗೆ ನಾನು ಬಳ್ಳಿಯ ಲೆಕ್ಕದಲ್ಲಿ ಉಳಿದೆ. ಬೆಳಿಗ್ಗೆ ಬಾಗಿಲು ತೆಗೆದು ಒಲೆ ಹಚ್ಚುತ್ತಿದ್ದೆ. ಒಲೆ ಹಚ್ಚಿದ್ದಾರೆ ಅಂತ ಗೊತ್ತಾದರೆ ಚಳಿಗಾಲದಲ್ಲಿ ಜನ ಬರದೆ ಇರುತ್ತಾರೆಯೇ. ಬಂದವರು ಬಾಗಿಲಲ್ಲೇ ನಿಂತು 'ಬಳ್ಳಿ ಹೇಗಿದೆ' ಅನ್ನುವರು. ನಾನು ಹೇಗಿದ್ದೇನೆ ಅಂತ ಕೇಳಲು ಅವರಿಗೆ ಸಂಕೋಚ. ಬಳ್ಳಿ ಚೆನ್ನಾಗಿದೆ ಅಂದರೆ, ಸರಿ ಅಂತ ಬೆಂಚಿನ ಮೇಲೆ ಕೂರುವರು. ಮೌನಿಯ ಗಿರಾಕಿಗಳಲ್ಲವೇ, ಕೂತರೆ ಕೂತೇ ಇರುವರು.

ಕೂತವರ ತಲೆ ಮಾತ್ರ ಬೆಳೆಯುತ್ತಾ ಹೋಯಿತು. ದೊಡ್ಡ ರಸ್ತೆಯಲ್ಲಿ ಇನ್ನೊಂದು ಅಂಗಡಿ ಇದೆ. ಅಲ್ಲಿಗೆ ಒಬ್ಬರೂ ಹೋಗಲಿಲ್ಲ. ಕೇಳಿದರೆ ಅಲ್ಲಿ ಟಿವಿ ಹಾಕಿರುತ್ತಾರೆ, ಅವನು ರಾಜಕೀಯ ಮಾತಾಡುತ್ತಾನೆ ಅನ್ನುವರು. ನಿಜ ಏನೆಂದರೆ ಮೌನಿ ಹೋಗಿ ಇಷ್ಟು ಬೇಗ ಬೇರೆಯವನಿಗೆ ತಲೆ ಕೊಡಲು ನಾಚಿಕೆ. ಅಂಚೆಯಣ್ಣನ ಕೂದಲು ಕಾಲರ್ ದಾಟಿತು. ಡ್ರೈವರ್ ಕೂದಲನ್ನು ಉಣ್ಣೆ ಟೋಪಿಯೊಳಗೆ ತುರುಕಿಕೊಂಡು ಬರುತ್ತಿದ್ದ. ಕಟಿಂಗ್ ಅಂಗಡಿ, ಒಳಗೆ ತುಂಬಾ ಜನ, ಒಬ್ಬರ ತಲೆಯೂ ನೆಟ್ಟಗಿಲ್ಲ. ಹೊರಗಿನಿಂದ ನೋಡಿದವರು ಏನಂದುಕೊಂಡರೋ.

ಒಂದು ದಿನ ಡ್ರೈವರ್ ಕೇಳಿದ. "ಅಕ್ಕ, ಮೌನಿ ಎಲ್ಲರ ತಲೆ ಕತ್ತರಿಸ್ತಿದ್ದ. ಅವನ ತಲೆ ಯಾರು ಕತ್ತರಿಸ್ತಿದ್ರು?"

"ನಾನು."

ಎಲ್ಲರೂ ನನ್ನ ಕಡೆ ತಿರುಗಿದರು. ಅವರಿಗೆ ಅದು ಹೊಳೆದೇ ಇರಲಿಲ್ಲ. ಮನೆಯಲ್ಲಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ನಾನೇ ಕತ್ತರಿಸುತ್ತಿದ್ದೆ, ಮದುವೆಯಾದಾಗಿನಿಂದ. 'ಎಡಗಡೆ ಬಿಡು', 'ಕಿವಿ ನೋಡಿಕೊ', ಅಷ್ಟೇ ಅವರ ಪಾಠ.

ಡ್ರೈವರ್ ಟೋಪಿ ತೆಗೆದ. "ಹಾಗಾದ್ರೆ ನಂದೂ ಒಂದು ನೋಡು."

"ನನಗೆ ಬರೋದು ಒಂದೇ ತಲೆ," ಅಂದೆ.

"ನನಗಿರೋದೂ ಒಂದೇ. ಕತ್ತರಿಸು."

ಕತ್ತರಿಸಿದೆ. ಚೆನ್ನಾಗಿ ಆಗಲಿಲ್ಲ. ನಮ್ಮವರಿಗೆ ಹಿಂದೆ, ಎಡಗಡೆ, ಕುತ್ತಿಗೆಯ ಹತ್ತಿರ ಒಂದು ಸುಳಿ ಇತ್ತು. ಗಿಡ್ಡ ಮಾಡಿದರೆ ಅಲ್ಲಿ ಕೂದಲು ಮುಳ್ಳಿನ ಹಾಗೆ ಏಳುತ್ತಿತ್ತು. ಅದಕ್ಕೆ ಎಡಗಡೆ ಸ್ವಲ್ಪ ಉದ್ದ ಬಿಟ್ಟು ಇಳಿಜಾರಾಗಿ ಕತ್ತರಿಸುವುದು ನನಗೆ ರೂಢಿ. ಡ್ರೈವರಿಗೆ ಸುಳಿ ಎಲ್ಲಿಂದ ಬರಬೇಕು. ಆದರೆ ಕೈ ತಾನಾಗಿ ಅಲ್ಲಿಗೆ ಹೋಗಿ ಇಳಿಜಾರು ಮಾಡಿತು. ಅವನು ಕೈಗನ್ನಡಿ ಹಿಡಿದು ಹಿಂದೆ ನೋಡಿಕೊಂಡ.

"ಅಕ್ಕ, ಇದು ಸೊಟ್ಟಗಿದೆ."

"ಹೌದು."

"ಇರಲಿ ಬಿಡು. ಚಳಿಗಾಲ. ಟೋಪಿ ಇದೆಯಲ್ಲ."

ಮರುದಿನ ಅಂಚೆಯಣ್ಣ ಕೂತರು. ಆಮೇಲೆ ಮಿಕ್ಕವರು. ಎಲ್ಲರೂ ಸೊಟ್ಟಗಾಗಿ, ಟೋಪಿ ಹಾಕಿಕೊಂಡು, ಚೆನ್ನಾಗಿದೆ ಅಂತ ಹೇಳಿ ಹೋದರು. ಹೊರಗೆ ಒಬ್ಬರೂ ಟೋಪಿ ತೆಗೆಯಲಿಲ್ಲ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ ಅಂತ ಡ್ರೈವರನ ಹೆಂಡತಿ ನನಗೇ ಬಂದು ಹೇಳಿದಳು. ನನಗೆ ಅರ್ಥವಾಯಿತು. ಚಳಿ ಇರುವ ತನಕ ಬಳ್ಳಿ ಕದಲಿಸುವುದಿಲ್ಲ, ಚಳಿ ಇರುವ ತನಕ ಟೋಪಿ ಇಳಿಯುವುದಿಲ್ಲ. ಅಷ್ಟರೊಳಗೆ ನಾನು ಕೆಲಸ ಕಲಿತರೆ ಅಂಗಡಿ ಉಳಿಸಿ ಅಂತ ಕೇಳಲು ಬಾಯಿ ಬರುತ್ತದೆ. ಇಲ್ಲದಿದ್ದರೆ ಕಂಬಳಿಯ ಬೀರುವಿನ ಪಕ್ಕ ನನ್ನ ಹಾಸಿಗೆ.

ಕಲಿಯಲು ನೋಡಿದೆ. ಬೇರೆ ಬೇರೆ ತಲೆಯನ್ನು ಬೇರೆ ಬೇರೆಯಾಗಿ ಕತ್ತರಿಸಬೇಕು ಅಂತ ಮನಸ್ಸು ಹೇಳುತ್ತದೆ. ಕೈಗೆ ಗೊತ್ತಿರುವುದು ಒಂದೇ ಕುತ್ತಿಗೆ. ಮುಂದೆ, ಪಕ್ಕದಲ್ಲಿ ಸುಧಾರಿಸಿತು. ಹಿಂದೆ ಮಾತ್ರ ಅದೇ ಇಳಿಜಾರು.

ಈ ಮಧ್ಯೆ ಬಳ್ಳಿಗೆ ಒಂದು ಕೆಲಸ ಮಾಡಿದೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ನೀಲಿ ಬಾಟಲಿ ಇತ್ತು. ಎಲೆ ಒರೆಸುವಾಗ ನಮ್ಮವರು ನೀಲಿ ಬಾಟಲಿಯಿಂದ ಬಟ್ಟೆಗೆ ಸುರಿದುಕೊಳ್ಳುತ್ತಿದ್ದದ್ದನ್ನು ನಾನು ಬಾಗಿಲಿನಿಂದ ಎಷ್ಟೋ ಸಲ ನೋಡಿದ್ದೆ. ಏನದು ಅಂತ ಕೇಳಿರಲಿಲ್ಲ. ಕೇಳಿದರೂ ಹೇಳುತ್ತಿದ್ದರೋ ಇಲ್ಲವೋ. ಹಾಗಾಗಿ ನಾನೂ ಸುರಿದುಕೊಂಡು ಕನ್ನಡಿಯಿಂದ ಗಡಿಯಾರದ ತನಕ ಚೆನ್ನಾಗಿ ತಿಕ್ಕಿದೆ. ಅದು ಶೇವಿಂಗ್ ಆದ ಮೇಲೆ ಕೆನ್ನೆಗೆ ಹಚ್ಚುವ ಉರಿಯುವ ಲೋಷನ್. ಅಂಗಡಿ ಮದುಮಗನ ಹಾಗೆ ಘಮಘಮ ಅಂದಿತು. ಗಿರಾಕಿಗಳು ಮೂಗರಳಿಸಿ, ಪರವಾಗಿಲ್ಲ, ಅಂಗಡಿಗೆ ಕಳೆ ಬಂತು ಅಂದರು. ಕೆಲವೇ ದಿನದಲ್ಲಿ ಎಲೆಗಳ ಅಂಚು ಕಂದಿತು, ಆಮೇಲೆ ಎಲೆಯೇ ಕಂದಿತು.

ಹುಡುಕಿದಾಗ ಪೌಡರ್ ಡಬ್ಬಿಯ ಹಿಂದೆ ಇನ್ನೊಂದು ನೀಲಿ ಬಾಟಲಿ ಸಿಕ್ಕಿತು. ಮೂಸಿದೆ. ಬರೀ ನೀರು. ಖಾಲಿ ಬಾಟಲಿ ಎಸೆಯಲು ಮನಸ್ಸು ಬಾರದೆ ನೀರು ತುಂಬಿಟ್ಟುಕೊಂಡಿದ್ದರು. ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಬಾಟಲಿಯಲ್ಲಿ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಬೇರೆ ಹೆಂಗಸರ ಗಂಡಂದಿರು ನೀರು ಅಂತ ಹೇಳಿ ಬೇರೇನೋ ಇಡುತ್ತಾರೆ. ನಮ್ಮದು ಉಲ್ಟಾ.

ಉಗುರುಬೆಚ್ಚಗಿನ ನೀರು ಮಾಡಿ ಸ್ಟೂಲು ಹತ್ತಿ ಮತ್ತೆ ಎಲ್ಲ ಎಲೆ ತೊಳೆದೆ. ಡ್ರೈವರ್ ಸ್ಟೂಲು ಹಿಡಿದುಕೊಂಡ. ಅಂಚೆಯಣ್ಣ ಕೆಳಗಿನಿಂದ ಅಲ್ಲೊಂದು, ಇಲ್ಲೊಂದು ಅಂತ ತೋರಿಸಿದರು. ಆದರೂ ಗಡಿಯಾರದ ಸುತ್ತ ಎಲೆ ಉದುರಿ ಬರೀ ಕಡ್ಡಿ ಉಳಿಯಿತು.

ಸುದ್ದಿ ಭಾವನಿಗೆ ಹೋಯಿತು. ಬಂದರು. ತಲೆಗೆ ದೊಡ್ಡ ಟೋಪಿ, ಅದರ ಕೆಳಗಿನಿಂದ ಕೂದಲು ಇಳಿದು ಕಿವಿ ಮುಚ್ಚಿತ್ತು. ಜೀವಮಾನವೆಲ್ಲ ತಮ್ಮನ ಕೈಯಲ್ಲೇ ಕತ್ತರಿಸಿಕೊಂಡವರು. ಬೇರೆಯವರ ಹತ್ತಿರ ಹೋಗಲು ಮನಸ್ಸಿಲ್ಲ, ತಮ್ಮನ ಹೆಂಡತಿಯ ಮುಂದೆ ತಲೆ ಬಗ್ಗಿಸಲು ಮರ್ಯಾದೆ ಬಿಡುವುದಿಲ್ಲ. ಕರಡಿಯ ಹಾಗೆ ಆಗಿದ್ದರು.

ಗಡಿಯಾರದ ಹತ್ತಿರ ನಿಂತು ಬಹಳ ಹೊತ್ತು ನೋಡಿದರು.

"ಇದು ಹೋಯ್ತು ಕಣಮ್ಮ. ಸತ್ತ ಬಳ್ಳಿಗೆ ಚಳಿಯೇನು, ಸೆಕೆಯೇನು. ಇನ್ನು ಯಾಕೆ ಕಾಯೋದು? ನಾಳೆನೇ ಆ ಮೊಬೈಲಿನವನನ್ನ ಅಳತೆಗೆ ಕರೀತೀನಿ."

ನನ್ನ ಕೈಯಲ್ಲಿ ಕತ್ತರಿ ಇತ್ತು. ಕುರ್ಚಿಯಲ್ಲಿ ಅಂಚೆಯಣ್ಣ ಇದ್ದರು, ಅರ್ಧ ತಲೆ ಆಗಿತ್ತು. ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಎದ್ದು ಬಂದು, ಸ್ಟೂಲು ಹತ್ತಿ, ಉಗುರಿನಿಂದ ಕಡ್ಡಿಯ ಸಿಪ್ಪೆ ಕೆರೆದರು.

"ಇಲ್ಲಿ ನೋಡಿ. ಒಳಗೆ ಹಸಿರಿದೆ."

ಭಾವ ಕನ್ನಡಕ ಹಾಕಿಕೊಂಡು ನೋಡಿದರು. ಡ್ರೈವರೂ ನೋಡಿದ. ಎಲ್ಲರೂ ಸರದಿಯಲ್ಲಿ ಸ್ಟೂಲು ಹತ್ತಿ ಇಳಿದರು.

"ಜೀವ ಇದೆ," ಅಂದರು ಭಾವ. "ಜೀವ ಇರೋದನ್ನ ಹ್ಯಾಗೆ ಕೀಳೋದು. ಸರಿ, ನೋಡೋಣ. ಅದಕ್ಕೂ ಒಂದು ಅವಕಾಶ ಕೊಡಬೇಕು."

ನನಗೂ ಒಂದು ಕೊಡಿ ಅನ್ನಬೇಕು ಅನ್ನಿಸಿತು. ಸಿಪ್ಪೆ ಕೆರೆದು ತೋರಿಸಲು ನನ್ನ ಹತ್ತಿರ ಏನಿದೆ ಅಂತ ಸುಮ್ಮನಾದೆ.

ಹೋಗುವಾಗ ಅಂಚೆಯಣ್ಣನ ಹಿಂದಲೆ ನೋಡಿ ಭಾವ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು, ಎಲ್ಲರಿಗೂ ಒಂದೇ ಥರ ಮಾಡ್ತೀಯಂತೆ."

"ಕಲೀತಿದ್ದೀನಿ ಭಾವ."

"ಯಾವಾಗ ಕಲೀತೀಯ?"

"ಚಳಿ ಮುಗಿಯೋದರೊಳಗೆ."

ಚಳಿ ಮುಗಿಯಿತು. ಯಾರಿಗಾಗಿಯೂ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಬಿತ್ತು, ಟೋಪಿಗಳು ಇಳಿದವು.

ಆ ದಿನಗಳು ನನಗೆ ಕಷ್ಟವಾದವು. ತರಕಾರಿಗೆ ಅಂತ ಹೊರಗೆ ಹೋದರೆ ಮುಂದೆ ಒಬ್ಬರು ಹೋಗುತ್ತಿರುತ್ತಾರೆ. ಹಿಂದಿನಿಂದ ನೋಡಿದರೆ ನಮ್ಮವರು. ಅದೇ ಕುತ್ತಿಗೆ, ಎಡಗಡೆ ಅದೇ ಇಳಿಜಾರು. ಬಸ್ ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದಾರೆ, ಎಲ್ಲರೂ ನಮ್ಮವರೇ. ಅವರು ಬದುಕಿದ್ದಾಗ ಬೀದಿಯಲ್ಲಿ ಇಷ್ಟು ಕಾಣಿಸಿಕೊಂಡವರಲ್ಲ. ಎರಡು ಸಲ ಚೀಲ ಖಾಲಿಯೇ ತಗೊಂಡು ವಾಪಸ್ಸು ಬಂದೆ. ಒಂದು ಸಲ ಬಾಯಿ ತಡೆಯದೆ 'ರೀ' ಅಂತ ಕರೆದೇಬಿಟ್ಟೆ. ತಿರುಗಿದವರು ಅಂಚೆಯಣ್ಣ.

"ಏನಮ್ಮ?"

"ಏನಿಲ್ಲ. ಎಡಗಡೆ ಸ್ವಲ್ಪ ಜಾಸ್ತಿ ಉಳಿದಿದೆ. ಆಮೇಲೆ ಬನ್ನಿ, ಸರಿ ಮಾಡ್ತೀನಿ."

ಬಂದರು. ಸರಿ ಮಾಡಿದೆ. ಕೈಯನ್ನು ಬಲವಂತವಾಗಿ ನೇರ ಹಿಡಿದು ಇಳಿಜಾರು ತೆಗೆದೆ. ಸರಿಯಾಗಿ ಬಂತು. ಕತ್ತರಿ ಇಟ್ಟು ಮಹಡಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ. ಡ್ರೈವರನದೂ ತೆಗೆದೆ. ಒಬ್ಬೊಬ್ಬರನ್ನೇ ಕರೆದು ನಮ್ಮವರನ್ನು ತೆಗೆದೆ. ಆಗ ನನಗೆ ಕೆಲಸ ಬಂತು ಅಂತ ಜನ ಹೇಳಿದರು.

ಭಾವ ಬಂದದ್ದು ಅದಾದ ಮೇಲೆ. ಜೊತೆಗೆ ಮೊಬೈಲ್ ರಿಪೇರಿಯವನು, ಅವನ ಕೈಯಲ್ಲಿ ಅಳತೆ ಟೇಪು. ಭಾವನ ತಲೆಯಲ್ಲಿ ಇನ್ನೂ ಟೋಪಿ. ಬೆವರುತ್ತಿದ್ದರು.

"ಭಾವ, ಟೋಪಿ ತೆಗೀರಿ," ಅಂದೆ.

"ಇರಲಿ."

"ಹೊರಗೆ ಬಿಸಿಲು ಸುಡ್ತಿದೆ," ಅಂದ ಡ್ರೈವರ್ ಬೆಂಚಿನಿಂದ. "ತಲೆ ಬೆಂದುಹೋದೀತು."

ತೆಗೆದರು. ಎಲ್ಲರ ತಲೆ ನೀಟಾಗಿದ್ದ ಅಂಗಡಿಯಲ್ಲಿ ಆ ಕೂದಲು ನೋಡಿ ಮೊಬೈಲಿನವನೂ ಮುಖ ತಿರುಗಿಸಿದ. ಭಾವ ಕನ್ನಡಿ ನೋಡಿಕೊಂಡರು. ನಾನು ಕುರ್ಚಿಯ ಮೇಲಿನ ಧೂಳು ಹೊಡೆದು ಬಟ್ಟೆ ಕೊಡವಿದೆ. ಭಾವ ಬಂದು ಕೂತರು.

ಹಿಂದೆ ಕೂದಲು ಎತ್ತಿದೆ. ಎಡಗಡೆ, ಕುತ್ತಿಗೆಯ ಹತ್ತಿರ, ಸುಳಿ. ಅಣ್ಣತಮ್ಮ ಅಲ್ಲವೇ. ನನಗೆ ಯಾಕೆ ಹೊಳೆದಿರಲಿಲ್ಲವೋ. ನೇರವಾಗಿ ಕತ್ತರಿಸುವುದನ್ನು ಅಷ್ಟು ಕಷ್ಟಪಟ್ಟು ಕಲಿತಿದ್ದೆ, ಇಲ್ಲಿ ಅದರಿಂದ ಉಪಯೋಗವಿಲ್ಲ. ಕೈಯನ್ನು ಅದರ ಪಾಡಿಗೆ ಬಿಟ್ಟೆ. ಅದು ತನಗೆ ಗೊತ್ತಿದ್ದ ಕೆಲಸ ಮಾಡಿತು. ಒಂದು ಕೂದಲೂ ಏಳಲಿಲ್ಲ.

"ಯಾಕಮ್ಮ ನಿಲ್ಲಿಸಿದೆ?" ಅಂದರು ಭಾವ.

"ಆಯ್ತು."

ಕೈಗನ್ನಡಿ ಹಿಂದೆ ಹಿಡಿದೆ. ಭಾವ ನೋಡಿದರು. ಮೊದಲು ಸುಮ್ಮನೆ ನೋಡಿದರು, ಆಮೇಲೆ ಕುತ್ತಿಗೆ ತಿರುಗಿಸಿ ನೋಡಿದರು. ಚಿಕ್ಕಂದಿನಲ್ಲಿ ತಮ್ಮನನ್ನು ಮುಂದೆ ಕೂರಿಸಿಕೊಂಡು ಸೈಕಲ್ ತುಳಿಯುತ್ತಿದ್ದರಂತೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಇದ್ದದ್ದು ಆ ಹಿಂದಲೆಯೇ. ಅದನ್ನು ಆಮೇಲೆ ಹೇಳಿದರು. ಆಗ ಕೈ ಹಿಂದಕ್ಕೆ ಒಯ್ದು ಸುಳಿ ಮುಟ್ಟಿಕೊಂಡು ಕೂತರು.

"ಅಳತೆ ತಗೊಳ್ಳಲಾ ಯಜಮಾನ್ರೇ?" ಅಂದ ಮೊಬೈಲಿನವನು.

ಭಾವ ಮೇಲೆ ನೋಡಿದರು. ಗಡಿಯಾರದ ಹತ್ತಿರ, ಎಲೆ ಉದುರಿದ ಕಡ್ಡಿಯಲ್ಲಿ ಸಾಸಿವೆಯಷ್ಟು ಚಿಗುರು ಬಂದಿತ್ತು.

"ಚಿಗುರ್ತಾ ಇದೆ," ಅಂದರು. "ಚಿಗುರೋವಾಗ ಬಳ್ಳಿ ಕದಲಿಸಬಾರದು. ನಮ್ಮವನು ಹೇಳ್ತಿದ್ದ."

ನಮ್ಮವರು ಹಾಗೆ ಯಾವತ್ತೂ ಹೇಳಿರಲಿಲ್ಲ. ಚಿಗುರುವಾಗಲೇ ಕತ್ತರಿಸಿ ಕೇಳಿದವರಿಗೆಲ್ಲ ತುಂಡು ಕೊಡುತ್ತಿದ್ದರು. ಡ್ರೈವರಿಗೂ ಗೊತ್ತು, ಅವನ ಮನೆಯಲ್ಲೇ ಒಂದಿದೆ.

"ಹೌದು, ಹೇಳ್ತಿದ್ದ," ಅಂದ ಡ್ರೈವರ್.

"ಮತ್ತೆ ಯಾವಾಗ?" ಅಂದ ಮೊಬೈಲಿನವನು.

"ಬೇಸಿಗೇಲಂತೂ ಆಗಲ್ಲ," ಅಂದರು ಅಂಚೆಯಣ್ಣ. "ಬೇರು ಒಣಗುತ್ತೆ."

"ಮಳೆಗಾಲದಲ್ಲಿ ಕೊಳೆಯುತ್ತೆ," ಅಂದರು ಭಾವ, ಕನ್ನಡಿಯಿಂದ ಕಣ್ಣು ತೆಗೆಯದೆ.

ಮೊಬೈಲಿನವನು ಒಬ್ಬೊಬ್ಬರ ಮುಖ ನೋಡಿ ಟೇಪು ಸುತ್ತಿಕೊಂಡ. ಹೋಗಲಿಲ್ಲ, ಬಾಗಿಲಲ್ಲೇ ನಿಂತ. ಅವನ ಕೂದಲೂ ಹಣೆಗೆ ಬಂದಿತ್ತು.

ನಾನು ಭಾವನ ಕೊರಳಿನ ಬಟ್ಟೆ ಬಿಚ್ಚಿ ಹೊರಗೆ ಕೊಡವಿ ಬಂದು, "ಮುಂದೆ ಯಾರು, ಬನ್ನಿ," ಅಂದೆ.